ಒಂದು ಕಿವಿ ಬಿಟ್ಟು ಹಾಡಿದವಳು

“ಉಳಿದಿದ್ದೆಲ್ಲಾ ತೆಗೆದುಬಿಡಿ,” ಎಂದಳು ಹೆಸ್ಟರ್. “ಅವಳೊಬ್ಬಳ ದನಿ ಸಾಕು.”

ಲೈಲ್ ಹ್ಯಾಚರ್ ತಕ್ಷಣ ಕೈ ಚಾಚಲಿಲ್ಲ. ನಲವತ್ತು ವರ್ಷದಿಂದ ಸೈಕಮೋರ್ ಸ್ಟುಡಿಯೋದ ಇದೇ ಮೇಜಿನ ಮುಂದೆ ಕೂತು, ಮೆಂಫಿಸ್ಸಿನ ಹಾಡುಗಾರರ ದನಿಗಳನ್ನು ಹದಮಾಡಿದ ಕೈ ಅದು. ಇವತ್ತು ಗುಂಡಿಗಳ ಮೇಲೆ ಸುಮ್ಮನೆ ಕೂತಿತ್ತು.

“ಬರೀ ದನಿ ಕೇಳಿಸೋದು ಅಂದ್ರೆ ಮನುಷ್ಯರನ್ನ ಬತ್ತಲೆ ನಿಲ್ಲಿಸಿದ ಹಾಗೆ, ಮೇಡಂ. ಯಾವ ಹಾಡುಗಾರರೂ ಒಪ್ಪಲ್ಲ.”

“ಅವಳ ತಾಯಿ ಕೇಳಿದಾರೆ, ಲೈಲ್ ಅವರೇ.”

ಲೈಲ್ ಗುಂಡಿ ಒತ್ತಿದರು. ದೊಡ್ಡ ಟೇಪು ತಿರುಗತೊಡಗಿತು. ಮೊದಲು ಡ್ರಮ್ಮು ಹೋಯಿತು. ಆಮೇಲೆ ಬೇಸ್ ಗಿಟಾರು, ಹಿಂದೆ ಹಾಡುತ್ತಿದ್ದ ಹೆಂಗಸರು, ಕೊನೆಗೆ ಆರ್ಗನ್. ಮದುವೆ ಮುಗಿದ ಮನೆಯಿಂದ ನೆಂಟರು ಒಬ್ಬೊಬ್ಬರಾಗಿ ಎದ್ದು ಹೋದಂತೆ.

ಉಳಿದವಳು ಮಾರ್ವಾ ಟೀಲ್. ಇಪ್ಪತ್ತಾರು ವರ್ಷ, ಮೊದಲನೆಯ ಆಲ್ಬಮ್.

*ನನ್ನ ತಟ್ಟೆ ತೆಗೆಯಬೇಡ, ನಾನಿನ್ನೂ ದಾರಿಯಲ್ಲಿದ್ದೇನೆ…*

ಅವಳು ಉಸಿರು ತೆಗೆದುಕೊಳ್ಳುವುದು ಕೇಳಿಸಿತು. ತುಟಿ ಒದ್ದೆ ಮಾಡಿಕೊಳ್ಳುವುದು ಕೇಳಿಸಿತು. ಬರಿಗಾಲಿನ ಹಿಮ್ಮಡಿ ಜಮಖಾನೆಯ ಮೇಲೆ ಮೆಲ್ಲಗೆ ತಾಳ ಹಾಕುವುದೂ ಕೇಳಿಸಿತು. ಹೆಸ್ಟರ್ ಗ್ರೀವ್ಸ್ ಇಪ್ಪತ್ತೆರಡು ವರ್ಷದಿಂದ ಪೊಲೀಸ್ ಇಲಾಖೆಯಲ್ಲಿ ಕೊಲೆಗಳನ್ನೇ ನೋಡಿಕೊಂಡು ಬಂದವಳು. ಹೆಣಗಳ ಮುಂದೆ ನಿಲ್ಲುವುದು ಅವಳಿಗೆ ರೂಢಿಯಾಗಿತ್ತು. ಸತ್ತವಳು ಹೀಗೆ ಪಕ್ಕದಲ್ಲಿ ನಿಂತು ಉಸಿರಾಡುವುದು ರೂಢಿಯಿರಲಿಲ್ಲ.

ಮಾರ್ವಾಳನ್ನು ಜನ ಕೊನೆಯ ಸಲ ಕಂಡದ್ದು ಮಂಗಳವಾರ ಸಂಜೆ, ಈ ಸ್ಟುಡಿಯೋದ ಹೊರಗೆ, ತಮ್ಮ ಟೋಬಿಯ ಜೊತೆ ಬೀದಿಗೆಲ್ಲ ಕೇಳುವಂತೆ ಜಗಳವಾಡುತ್ತಿದ್ದಾಗ. ನದಿಯ ಹಿನ್ನೀರಿನಲ್ಲಿ ದೇಹ ಸಿಕ್ಕಿದ್ದು ಎರಡು ವಾರದ ಮೇಲೆ. ಸತ್ತದ್ದು ಯಾವ ದಿನ ಎಂದು ವೈದ್ಯರೂ ಹೇಳಲಾರರು. ಮಂಗಳವಾರ ರಾತ್ರಿಯೇ ಎಂದು ಸರ್ಕಾರಿ ವಕೀಲರು ಹಟ ಹಿಡಿದಿದ್ದರು. ನಾಳೆ ಬೆಳಗ್ಗೆ ಒಂಬತ್ತಕ್ಕೆ ಟೋಬಿಯನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಿ ಅಕ್ಕನ ಕೊಲೆಯ ಆರೋಪ ಹೊರಿಸುವವರಿದ್ದರು.

ಬುಧವಾರ ಮುಂಜಾನೆಯ ಬಸ್ಸಿಗೇ ಅವನು ಸೇಂಟ್ ಲೂಯಿಸ್‌ಗೆ ಹೋಗಿದ್ದ. ದೇಹ ಸಿಕ್ಕ ಸುದ್ದಿ ಬರುವವರೆಗೂ ಅಲ್ಲೊಂದು ಹೋಟೆಲಿನಲ್ಲಿ ದಿನಾ ಡ್ರಮ್ಮು ನುಡಿಸುತ್ತಿದ್ದ. ಬುಧವಾರದ ನಂತರ ಮಾರ್ವಾ ಬದುಕಿದ್ದಳು ಎಂದು ಒಬ್ಬರೇ ಒಬ್ಬರು ಹೇಳಿದ್ದರೆ ಸಾಕು, ಹುಡುಗ ಮನೆಗೆ ಬರುತ್ತಿದ್ದ. ಯಾರೂ ಹೇಳಿರಲಿಲ್ಲ.

ಹಾಡಿನ ಕೊನೆಯ ಪದ ಮುಗಿಯಿತು. ಮುಗಿದದ್ದೇ ತಡ, ಲೈಲ್ ಟೇಪು ನಿಲ್ಲಿಸಿದರು.

“ಚೆನ್ನಾಗಿ ಹಾಡಿದಾಳೆ,” ಎಂದರು ಅವರು, ಯಾರಿಗೋ ಎಂಬಂತೆ.

“ಇನ್ನೊಮ್ಮೆ ಹಾಕಿ. ಅವಳ ಹಿಂದೆ ಏನೋ ಇದೆ.”

“ಏನೂ ಇಲ್ಲ ಮೇಡಂ.”

“ಇದೆ. ಪಕ್ಕದ ಮನೆಯ ರೇಡಿಯೋ ಥರ.”

ಲೈಲ್ ನಿಟ್ಟುಸಿರು ಬಿಟ್ಟರು. “ಓ, ಅದಾ. ಅವಳ ಹೆಡ್‌ಫೋನಿಂದ ಸೋರಿದ್ದು. ವಾದ್ಯಗಳನ್ನ ಕಿವಿಯಲ್ಲಿ ಕೇಳಿಕೊಂಡೇ ತಾನೇ ಹಾಡಬೇಕು? ಈ ಹುಡುಗಿ ಎಡಗಿವಿ ಮುಚ್ಚಿ ಬಲಗಿವಿ ಬಿಟ್ಟುಕೊಳ್ಳೋಳು. ಚರ್ಚಲ್ಲಿ ಹಾಡಿ ಬೆಳೆದೋರೆಲ್ಲ ಹಾಗೇನೇ. ತನ್ನ ದನಿ ಗೋಡೆಗೆ ಬಡಿದು ವಾಪಸ್ ಬಂದ್ರೇನೇ ಅವರಿಗೆ ಸಮಾಧಾನ. ಬಿಟ್ಟ ಕಡೆಯಿಂದ ಸೋರಿದ್ದೆಲ್ಲ ಮೈಕಿಗೆ ಬೀಳುತ್ತೆ. ಎಷ್ಟು ಬೈದಿದೀನಿ! ‘ಮಿಸ್ಟರ್ ಲೈಲ್, ಒಂದು ಕಿವಿ ನಿಮಗೆ, ಒಂದು ಕಿವಿ ದೇವರಿಗೆ’ ಅನ್ನೋಳು.”

ಹೇಳುತ್ತಾ ಅವರು ನಕ್ಕರು. ನಗು ಅರ್ಧಕ್ಕೇ ನಿಂತಿತು.

ಗಾಜಿನಾಚೆ ಅವಳು ಹಾಡುತ್ತಿದ್ದ ಜಾಗ ಕಾಣುತ್ತಿತ್ತು. ಮೈಕಿನ ಕೆಳಗೆ ಕೆಂಪು ಜಮಖಾನೆ, ಪಕ್ಕದ ಸ್ಟೂಲಿನ ಮೇಲೆ ಒಂದು ಜೇನಿನ ಬಾಟಲಿ. ಬರಿಗಾಲಿಗೆ ನೆಲ ತಣ್ಣಗಾಗಬಾರದೆಂದು ಆ ಜಮಖಾನೆಯನ್ನು ಲೈಲ್ ತಮ್ಮ ಮನೆಯಿಂದ ತಂದು ಹಾಸಿದ್ದರು. ಅದು ಕೇಸಿಗೆ ಸಂಬಂಧವಿಲ್ಲದ ಸಂಗತಿ. ಆದರೂ ಹೆಸ್ಟರ್ ಅದನ್ನು ಮೊದಲ ದಿನವೇ ಗಮನಿಸಿದ್ದಳು.

ಗುಂಡಿಗಳ ಕೆಳಗೆ ಉದ್ದಕ್ಕೂ ಬಿಳಿ ಅಂಟುಪಟ್ಟಿ. ಯಾವ ಗುಂಡಿ ಯಾವುದರದು ಎಂದು ಲೈಲ್‌ರ ದುಂಡು ಅಕ್ಷರದಲ್ಲಿ ಬರೆದಿತ್ತು. ಪೂರ್ತಿ ಕೆಳಗೆ ಸರಿಸಿ ದನಿ ಮುಚ್ಚಿದ್ದ ಎರಡರ ಅಡಿಯಲ್ಲಿ ‘ಟೋಬಿ’ ಎಂದಿತ್ತು.

“ಇದು?”

“ಅವನ ಡ್ರಮ್ಮು. ಆಲ್ಬಮ್ ಕಂಪನಿಯೋರು ಅವನನ್ನ ತೆಗೆದು ಬೇರೆಯವನನ್ನ ಕೂರಿಸಿದ್ರಲ್ಲ. ಅಕ್ಕತಮ್ಮಂದಿರಿಗೆ ಜಗಳ ಹತ್ತಿದ್ದೂ ಅದಕ್ಕೇ, ‘ನೀನು ಯಾಕೆ ಸುಮ್ಮನಿದ್ದೆ’ ಅಂತ. ಅಳಿಸಿಬಿಡಿ ಅಂದ್ರು ನನಗೆ. ಒಂಬತ್ತು ವರ್ಷದ ಹುಡುಗ ಆಗಿದ್ದಾಗಿಂದ ಅವಳ ಹಿಂದೆ ನುಡಿಸಿದಾನೆ. ಅಳಿಸೋಕೆ ಕೈ ಬರಲಿಲ್ಲ.”

ಟೇಪು ಮತ್ತೆ ತಿರುಗಿತು. ಹೆಸ್ಟರ್ ಕಣ್ಣು ಮುಚ್ಚಿದಳು. ಪದ ಪದದ ನಡುವೆ, ಇರುವೆ ಗಾತ್ರದ ಆರ್ಗನ್. ಎರಡನೆಯ ಚರಣದಲ್ಲಿ ಅದು ಒಮ್ಮೆ ಎಡವಿ, ಎಡವಿದ್ದನ್ನೇ ಮೆಟ್ಟಿಲು ಮಾಡಿಕೊಂಡು ಮೇಲೆ ಹತ್ತಿತು.

ಕೊನೆಯ ಪದ. ಲೈಲ್‌ರ ಬೆರಳು. ಟೇಪು ನಿಂತಿತು.

“ಇದನ್ನ ಯಾವತ್ತು ಹಾಡಿದ್ದು?”

“ಸೋಮವಾರ. ಅವಳು ಕೊನೆ ಸಲ ಹಾಡಿದ್ದು ಸೋಮವಾರಾನೇ. ಪೆಟ್ಟಿಗೆ ಮೇಲೆ ಬರೆದಿದೀನಲ್ಲ.”

ಟೇಪಿನ ಪೆಟ್ಟಿಗೆಯ ಮೇಲಿನ ಹಾಳೆಯಲ್ಲಿ ಹಾಗೆಯೇ ಇತ್ತು: ‘ಮಾರ್ವಾ, ಸೋಮವಾರ.’ ಅದರ ಎರಡು ಸಾಲು ಕೆಳಗೆ, ಅದೇ ದುಂಡು ಅಕ್ಷರದಲ್ಲಿ: ‘ಆರ್ಗನ್, ಡೀಕನ್ ಪ್ರೂಯಿಟ್, ಗುರುವಾರ ಮಧ್ಯಾಹ್ನ.’

ಹೆಸ್ಟರ್ ಆ ಎರಡನೆಯ ಸಾಲಿನ ಮೇಲೆ ಬೆರಳಿಟ್ಟಳು.

“ಸೋಮವಾರ ಡೀಕನ್ ಅಭ್ಯಾಸಕ್ಕೆ ಬಂದಿದ್ರು,” ಎಂದರು ಲೈಲ್, ಕೇಳುವ ಮೊದಲೇ. “ಆಗಿಂದು ಸೋರಿರುತ್ತೆ.”

“ಇರಬಹುದು. ಅವರನ್ನೇ ಕೇಳೋಣ.”

* * *

ಡೀಕನ್ ಪ್ರೂಯಿಟ್ ಎರಡು ಬೀದಿಯಾಚೆಯ ಚರ್ಚಿನ ಹಿರಿಯರು. ಭಾನುವಾರಗಳಂದು ಅಲ್ಲಿ ಆರ್ಗನ್ ನುಡಿಸುವವರೂ ಅವರೇ. ಆ ಚರ್ಚಿಗೆ ಬರುವ ಹೆಂಗಸರೆಲ್ಲ ಅವರ ಬಾಯಲ್ಲಿ ‘ಸಿಸ್ಟರ್’, ಹೆಸ್ಟರ್ ಕೂಡ. ಫೋನು ಮಾಡಿದ ಇಪ್ಪತ್ತು ನಿಮಿಷಕ್ಕೆ, ಹ್ಯಾಟು ಕೈಯಲ್ಲಿ ಹಿಡಿದು ಬಂದರು. ಲೈಲ್ ಎದ್ದು, ತಮ್ಮ ಕುರ್ಚಿಯ ದಿಂಬು ತೆಗೆದು ಅವರ ಬೆನ್ನಿಗೆ ಇಟ್ಟರು. ಇಂಥ ಹೊತ್ತಿನಲ್ಲೂ ಅದನ್ನು ಮರೆಯಲಿಲ್ಲ.

“ಏನು ಸಿಸ್ಟರ್ ಹೆಸ್ಟರ್, ನನ್ನನ್ನೂ ಒಳಗೆ ಹಾಕೋಕೆ ಬಂದ್ರಾ? ಹಾಕೋದಾದ್ರೆ ಊಟ ಆದಮೇಲೆ ಹಾಕಿ. ನನ್ನ ಹೆಂಡತಿ ಎರ್ಲೀನ್ ಮೀನು ಹುರೀತಿದಾಳೆ.”

“ಒಂದು ಹಾಡು ಕೇಳಿ ಹೋಗಿ, ಡೀಕನ್.”

ಮಾರ್ವಾಳ ದನಿ ಬಂದೊಡನೆ ಮುದುಕರ ಮುಖದ ತಮಾಷೆ ಆರಿಹೋಯಿತು. ಕತ್ತು ಬಗ್ಗಿಸಿ, ಪ್ರಾರ್ಥನೆಗೆ ಕೂತಂತೆ ಕೂತರು. ಎರಡನೆಯ ಚರಣ ಬಂತು. ಅವರ ಎಡಗೈ ಕಿರುಬೆರಳು ಮಂಡಿಯ ಮೇಲೆ ತಾನಾಗಿ ಕುಪ್ಪಳಿಸಿತು.

“ಅಯ್ಯೋ ದೇವರೇ! ಅದು ನನ್ನ ತಪ್ಪು!”

“ಯಾವುದು?”

“ಅಗೋ, ಎಡವಿತಲ್ಲ. ಪಕ್ಕದ ಸ್ವರದ ಮನೆ ಮೇಲೆ ಬೆರಳು ಬಿತ್ತು. ಇಲ್ಲೇ ಆ ಹಸಿರು ಸೋಫಾ ಮೇಲೆ ಎರ್ಲೀನ್ ಕೂತಿದ್ಲು, ಪಾಪ ಅವಳಿಗೆ ಕೆಮ್ಮು ತಡೆಯೋಕಾಗಲಿಲ್ಲ. ನಾನು ಬೆಚ್ಚಿದೆ. ತಪ್ಪು ಮುಚ್ಚೋಕೆ ಇನ್ನೆರಡು ಮನೆ ಮೇಲೆ ಹತ್ತಿಬಿಟ್ಟೆ. ಇನ್ನೊಂದು ಸಲ ನುಡಿಸ್ತೀನಿ ಅಂದ್ರೆ ಈ ಲೈಲ್ ಬಿಡಲಿಲ್ಲ. ‘ತಪ್ಪೇ ಚೆನ್ನಾಗಿದೆ ಡೀಕನ್, ಇರಲಿ’ ಅಂದ್ರು. ಆದ್ರೆ ಎರ್ಲೀನ್‌ಗೆ ಮಾತ್ರ ಬೈಗುಳ ತಪ್ಪಲಿಲ್ಲ.”

“ಬೈದೆನಾ ನಾನು?” ಎಂದರು ಲೈಲ್, ಸಣ್ಣ ದನಿಯಲ್ಲಿ.

“ಕಣ್ಣಲ್ಲೇ ಬೈದ್ರಿ ಮಾರಾಯರೇ! ಸಿಸ್ಟರ್, ಇಲ್ಲಿ ಆ ಕೆಂಪು ದೀಪ ಉರೀತಿರೋವಾಗ ನೊಣಾನೂ ರೆಕ್ಕೆ ಬಡಿಯೋ ಹಾಗಿಲ್ಲ. ಹಾಡು ಮುಗಿದ್ರೂ ಇಲ್ಲ. ಕೊನೇ ಸ್ವರ ಪೂರ್ತಿ ಸಾಯಬೇಕು, ದೀಪ ಆರಬೇಕು, ಆಮೇಲೇನೇ ಉಸಿರು. ನನ್ನ ಹೆಂಡತಿ ಪಾಪ, ಕರ್ಚೀಫು ಬಾಯಿಗೆ ತುರುಕಿಕೊಂಡು ಕಣ್ಣಲ್ಲಿ ನೀರು ಹಾಕಿಕೊಂಡು ಕೂತಿದ್ಲು. ಆಮೇಲೆ ಇವರೇ ಅವಳಿಗೆ ಬಿಸಿನೀರು ಜೇನು ಮಾಡಿಕೊಟ್ರು ಅನ್ನಿ.”

“ಅದು ಯಾವ ದಿನ, ಡೀಕನ್?”

“ಗುರುವಾರ. ಮಾರ್ವಾ ಕಾಣದೆ ಹೋದ ವಾರಾನೇ. ಎರ್ಲೀನ್‌ಗೆ ರಕ್ತ ಶುದ್ಧಿ ಮಾಡಿಸೋ ದಿನ ಅದು. ಆಸ್ಪತ್ರೆಯಿಂದ ನೆಟ್ಟಗೆ ಇಲ್ಲಿಗೇ ಕರಕೊಂಡು ಬಂದಿದ್ದೆ.”

“ಸೋಮವಾರ ಅಭ್ಯಾಸಕ್ಕೆ ಬಂದಿರಲಿಲ್ವಾ?”

“ಅಭ್ಯಾಸಾನಾ? ಐವತ್ತು ವರ್ಷದಿಂದ ನುಡಿಸ್ತಿದೀನಿ ಸಿಸ್ಟರ್, ಇನ್ನೂ ಅಭ್ಯಾಸ ಅಂದ್ರೆ ದೇವರು ನಗ್ತಾನೆ. ಬಂದಿದ್ದು ಒಂದೇ ಸಲ, ನುಡಿಸಿದ್ದೂ ಒಂದೇ ಸಲ.”

ಹೇಳುತ್ತ ಹೇಳುತ್ತ ಮುದುಕರ ಮಾತು ನಿಧಾನವಾಯಿತು. ಹ್ಯಾಟಿನ ಅಂಚನ್ನು ಬೆರಳಲ್ಲಿ ಸುತ್ತುತ್ತಿದ್ದ ಕೈ ನಿಂತಿತು.

“ಹಾಗಾದ್ರೆ… ನಾನು ನುಡಿಸಿದ್ದನ್ನ ಆ ಮಗು ಕೇಳಿದ್ಲಾ?”

ಹೆಸ್ಟರ್ ಹೌದೆಂದು ತಲೆಯಾಡಿಸಿದಳು.

“ಕೇಳಿರಲಿಲ್ಲ ಅಂದುಕೊಂಡಿದ್ದೆ. ಅವಳ ಸಮಾಧಿಗೆ ಮಣ್ಣು ಹಾಕೋವಾಗಲೂ ಅದೇ ಯೋಚನೆ ನನಗೆ. ಅವಳಿಗೋಸ್ಕರ ನುಡಿಸಿದೆ, ಅವಳ ಕಿವಿಗೇ ಬೀಳಲಿಲ್ವಲ್ಲ ಅಂತ.” ಡೀಕನ್ ಎದ್ದು ಹ್ಯಾಟು ಹಾಕಿಕೊಂಡರು, ಮತ್ತೆ ತೆಗೆದರು. “ಕೇಳಿದಾಳೆ. ಕೇಳಿ ಅದರ ಮೇಲೆ ಹಾಡಿದಾಳೆ.”

ಹೆಸ್ಟರ್ ಅವರನ್ನು ಬಾಗಿಲವರೆಗೂ ಕೈಹಿಡಿದು ನಡೆಸಿದಳು. ಬಿಸಿಲಿನಲ್ಲಿ ಅವರು ಹೋಗುವುದನ್ನೇ ಸ್ವಲ್ಪ ಹೊತ್ತು ನೋಡಿ ನಿಂತಳು. ಆಮೇಲೆ ಒಳಗೆ ಬಂದು ಬಾಗಿಲು ಹಾಕಿಕೊಂಡಳು.

* * *

“ಗುರುವಾರ ಮಧ್ಯಾಹ್ನ ನುಡಿಸಿದ ತಪ್ಪನ್ನ ಸೋಮವಾರ ಹಾಡಿದವಳು ಹೇಗೆ ಕೇಳಿಸಿಕೊಂಡ್ಲು, ಲೈಲ್ ಅವರೇ?”

ಲೈಲ್ ಬಿಳಿ ಪಟ್ಟಿಯ ತುದಿಯನ್ನು ಉಗುರಿನಿಂದ ಕೆರೆಯುತ್ತಿದ್ದರು.

“ಗುರುವಾರ ಸಂಜೆ ಬಂದಿದ್ಲು,” ಎಂದರು ಕೊನೆಗೆ. “ಆರು ಗಂಟೆಗೆ. ಹಿಂದಿನ ಬಾಗಿಲಿಂದ. ಸೋಮವಾರ ಹಾಡಿದ್ದು ಸುಳ್ಳು ಅನ್ನಿಸ್ತಿದೆ, ಅದರ ಮೇಲೇ ಮತ್ತೆ ಹಾಡ್ತೀನಿ ಅಂದ್ಲು. ಡೀಕನ್ ನುಡಿಸಿದ್ದನ್ನ ಕೇಳಿಸಿದೆ. ಆ ಎಡವಿದ ಕಡೆ ಬಂದಾಗ ನಕ್ಕುಬಿಟ್ಲು. ಹಳೇದು ಅಳಿಸಿ ಇದನ್ನ ತುಂಬಿಕೊಂಡೆ.”

“ಹಾಳೆ ಮೇಲಿನ ವಾರ ಬದಲಾಯಿಸಲಿಲ್ಲ.”

“ಬಂದಿದ್ದನ್ನ ಯಾರಿಗೂ ಹೇಳಬೇಡಿ ಅಂದಿದ್ಲು. ಮಾತು ಕೊಟ್ಟಿದ್ದೆ.”

ಹೆಸ್ಟರ್‌ಗೆ ಕೋಪ ಬಂತು. ಅಪರೂಪಕ್ಕೆ ಬರುವ ಕೋಪ ಅದು. ಬಂದರೆ ದನಿ ಇನ್ನಷ್ಟು ಮೆತ್ತಗಾಗುತ್ತಿತ್ತು.

“ಇಪ್ಪತ್ತಮೂರು ವರ್ಷದ ಹುಡುಗ ಜೈಲಲ್ಲಿದಾನೆ. ಅವನ ಡ್ರಮ್ಮು ಅಳಿಸೋಕೆ ನಿಮಗೆ ಕೈ ಬರಲಿಲ್ಲ. ಅವನನ್ನೇ ಅಳಿಸೋಕೆ ಬಂತಾ?”

ಲೈಲ್ ಮುಖ ತಿರುಗಿಸಿದರು. ಅರವತ್ತಾರರ ಮನುಷ್ಯ, ತೋಳಿನಲ್ಲಿ ಕಣ್ಣೊರೆಸಿಕೊಂಡರು.

“ದಿನಾ ಬೆಳಗ್ಗೆ ಎದ್ದು ನಿಮಗೆ ಫೋನ್ ಮಾಡೋಣ ಅಂತ ಕೂರ್ತೀನಿ ಮೇಡಂ. ಕೈಗೆತ್ತಿಕೊಂಡು ಮತ್ತೆ ಇಡ್ತೀನಿ.”

“ಯಾಕೆ?”

ಲೈಲ್ ಮತ್ತೆ ಪಟ್ಟಿಯ ತುದಿ ಕೆರೆಯತೊಡಗಿದರು.

“ಅವಳು ಇಲ್ಲಿಂದ ಎಷ್ಟು ಹೊತ್ತಿಗೆ ಹೋದ್ಲು?”

“ಏಳೂವರೆ.”

“ಒಬ್ಬಳೇ?”

“ನಾವಿಬ್ಬರೇ ಇದ್ದಿದ್ದು. ಅವಳು ಗಾಜಿನಾಚೆ, ನಾನು ಈಚೆ.”

ನಾನು ಕೇಳಿದ್ದು ಅದಲ್ಲವಲ್ಲ, ಎಂದುಕೊಂಡಳು ಹೆಸ್ಟರ್. ಕೇಳದ್ದಕ್ಕೆ ಉತ್ತರ ಕೊಡುವವರು ಕೇಳಿದ್ದನ್ನು ಬಚ್ಚಿಡುತ್ತಾರೆ.

ಇರಲಿ. ಹುಡುಗ ಉಳಿದ. ಮೊದಲು ಅವನ ತಾಯಿಗೆ ಹೇಳಬೇಕು.

ಬೆಳಗ್ಗೆ ಕಂಡ ಆ ಅಡುಗೆಮನೆ ನೆನಪಾಯಿತು. ಮಿಸ್ ವೆಲ್ಮಾ ಟೀಲ್ ಬೇಡವೆಂದರೂ ಕೇಳದೆ, ಪೀಚ್ ಹಣ್ಣಿನ ಸಿಹಿ ತಿನಿಸು ಕಾಬ್ಲರನ್ನು ಬಿಸಿ ಬಿಸಿಯಾಗಿ ಬಡಿಸಿದ್ದರು. ಮೇಜಿನ ಮೇಲೆ ಯಾರೂ ಉಣ್ಣದ ಇನ್ನೊಂದು ತಟ್ಟೆ. ತೆಗೆದಿರಲಿಲ್ಲ.

‘ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ಕಂಡಿದ್ದೇ ಕೊನೆ, ಹೆಸ್ಟರ್. ಆಮೇಲೆ ಅವಳ ಮುಖ ನೋಡಲಿಲ್ಲ ನಾನು. ಊರಿಗೆಲ್ಲ ಮಾರ್ವಾ ಅವಳು. ನನಗೊಬ್ಬಳಿಗೆ ಬಿಸ್ಕತ್ತು. ಹುಟ್ಟಿದಾಗ ಹಾಗೇ ಇದ್ಲು, ಒಲೆಯಿಂದ ಈಗ ತೆಗೆದ ಹಾಗೆ ದುಂಡಗೆ, ಬೆಚ್ಚಗೆ. ಟೋಬಿ ಏನಾದ್ರೂ ಹಾಗೆ ಕರೆದ್ರೆ ಚಪ್ಪಲಿ ಬೀಸೋಳು! ಅದು ಅಮ್ಮನ ಹೆಸರು, ನಿನಗಲ್ಲ ಅಂತ.’ ಆಮೇಲೆ, ಮುಖ ನೋಡದೆ: ‘ನನಗೆ ಅವಳ ದನಿ ಬೇಕು. ಯಾವ ವಾದ್ಯಾನೂ ಬೇಡ. ಬರೀ ದನಿ. ಲೈಲ್‌ನ ಕೇಳಿದೆ, ಕೊಡಲ್ಲ ಅಂದ್ರು. ನೀವು ಕೇಳಿದ್ರೆ ಕೊಡ್ತಾರೆ.’

ಸಂಜೆ ಐದಕ್ಕೆ ತಂದುಕೊಡುತ್ತೇನೆಂದು ಹೆಸ್ಟರ್ ಮಾತು ಕೊಟ್ಟು ಬಂದಿದ್ದಳು.

ಕೊಡಲ್ಲ ಅಂದರು. ತಾಯಿಗೆ ಮಗಳ ದನಿಯನ್ನು ಕೊಡುವುದಿಲ್ಲವೆಂದರು, ಪರರ ಕಾಲು ತಣ್ಣಗಾದೀತೆಂದು ಮನೆಯಿಂದ ಜಮಖಾನೆ ತಂದ ಈ ಮನುಷ್ಯ.

ಹೆಸ್ಟರ್ ಗಾಜಿನ ಮೇಲಿನ ಕೆಂಪು ದೀಪವನ್ನು ನೋಡಿದಳು. ಆರಿತ್ತು.

“ಲೈಲ್ ಅವರೇ, ಕೊನೇ ಸ್ವರ ಪೂರ್ತಿ ಸಾಯೋವರೆಗೂ ಇಲ್ಲಿ ನೊಣಾನೂ ಅಲ್ಲಾಡಲ್ಲ ಅಂದ್ರು ಡೀಕನ್.”

“ಹೂಂ.”

“ಇವತ್ತು ಮೂರು ಸಲ ಈ ಹಾಡು ಹಾಕಿದ್ರಿ. ಮೂರು ಸಲಾನೂ, ಸ್ವರ ಸಾಯೋಕೆ ಮೊದಲೇ ನಿಲ್ಲಿಸಿದ್ರಿ.”

ಲೈಲ್‌ರ ಉಗುರು ಪಟ್ಟಿಯ ಮೇಲೆ ನಿಂತಿತು.

“ಇನ್ನೊಮ್ಮೆ ಹಾಕಿ. ಕೈ ಮಡಿಲಲ್ಲಿ ಇಟ್ಟುಕೊಳ್ಳಿ.”

“ಬೇಡ ಮೇಡಂ. ನಿಮ್ಮ ಕೆಲಸ ಆಯ್ತಲ್ಲ. ಗುರುವಾರ ಅವಳು ಬದುಕಿದ್ಲು, ಅಷ್ಟು ಸಾಕಲ್ವಾ ಹುಡುಗನಿಗೆ? ನ್ಯಾಯಾಧೀಶರ ಮುಂದೆ ಬಂದು ಹೇಳ್ತೀನಿ. ಎಲ್ಲಿ ಬೇಕಾದ್ರೂ ಕೈ ಇಟ್ಟು ಆಣೆ ಮಾಡ್ತೀನಿ. ಅಲ್ಲಿಗೇ ಬಿಟ್ಟುಬಿಡಿ.”

ಅದು ಅಪರಾಧಿಯ ಬೇಡಿಕೆಯಂತೆ ಕೇಳಿಸಲಿಲ್ಲ. ಮಗುವಿನ ಮುಂದೆ ಕೆಟ್ಟ ಸುದ್ದಿ ಹೇಳಬೇಡಿ ಎಂದು ಬೇಡುವವರ ದನಿಯಂತಿತ್ತು. ಹೆಸ್ಟರ್ ತಾನೇ ಕೈಚಾಚಿ ಗುಂಡಿ ಒತ್ತಿದಳು.

*…ನಾನಿನ್ನೂ ದಾರಿಯಲ್ಲಿದ್ದೇನೆ.*

ಕೊನೆಯ ಸ್ವರ ಗೋಡೆಗಳಿಗೆ ತಾಕಿ, ತೆಳ್ಳಗಾಗಿ, ಹೋಯಿತು. ಮಾರ್ವಾಳ ಉಸಿರು. ಹಿಮ್ಮಡಿ ಜಮಖಾನೆಯ ಮೇಲೆ ಇಳಿದ ಸದ್ದು. ಒಂದು, ಎರಡು, ಮೂರು. ಬರೀ ಕೋಣೆಯ ಮೌನ.

ಆಮೇಲೆ, ಬಿಟ್ಟ ಆ ಬಲಗಿವಿಯ ಕಡೆಯಿಂದ, ಟಕ್ ಎಂಬ ಸಣ್ಣ ಸದ್ದು. ಇದೇ ಮೇಜಿನ ಮೇಲೆ, ಹಾಡುಗಾರರ ಜೊತೆ ಮಾತಾಡಲು ಒತ್ತುವ ಗುಂಡಿಯದು. ಯಾರೋ ಮಾತಾಡಿದರು. ಕೆಂಪು ದೀಪ ಆರುವ ಮೊದಲೇ ಮಾತಾಡಿದರು. ಸ್ಟುಡಿಯೋದವರು ಯಾರೂ, ಯಾವತ್ತೂ ಮಾಡದ ತಪ್ಪು ಅದು.

ಹೆಂಗಸಿನ ದನಿ. ಇರುವೆ ಗಾತ್ರದ್ದು. ಆದರೂ ಒಂದೊಂದು ಪದವೂ ಸ್ಪಷ್ಟ.

“ಚೆನ್ನಾಗಿತ್ತು, ಬಿಸ್ಕತ್ತು. ಈಗ ಬಾ, ಹೋಗೋಣ. ಕಾರು ಹಿಂದುಗಡೆ ಇದೆ.”

ಟೇಪು ತಿರುಗುತ್ತಲೇ ಇತ್ತು. ಲೈಲ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದರು.

“ಒಬ್ಬ ಮಗ ಉಳಿದಿದಾನೆ ಆ ಹೆಂಗಸಿಗೆ,” ಎಂದರು ಬೆರಳುಗಳ ಹಿಂದಿನಿಂದ. “ಆ ಮಗನಿಗೆ ಒಬ್ಬಳು ತಾಯಿ. ನಾನು ಯಾರನ್ನ ಯಾರಿಂದ ಕಿತ್ತುಕೊಳ್ಳಲಿ, ಹೇಳಿ?”

ಹೆಸ್ಟರ್‌ಗೆ ಬಾಯಲ್ಲಿ ಇನ್ನೂ ಪೀಚಿನ ಸಿಹಿ ಇದ್ದಂತೆನಿಸಿತು. ಹುಡುಗನನ್ನು ಮನೆಗೆ ಕರೆತರುವ ಸಾಕ್ಷಿ ಅವಳಿಗೆ ಸಿಕ್ಕಿತ್ತು. ಆ ಮನೆಯ ಬಾಗಿಲು ತೆರೆಯುವವರನ್ನು ಕರೆದೊಯ್ಯುವ ಸಾಕ್ಷಿಯೂ ಅದೇ. ಒಂದನ್ನು ಬಿಟ್ಟು ಒಂದನ್ನು ನ್ಯಾಯಾಧೀಶರ ಮುಂದಿಡುವಂತಿರಲಿಲ್ಲ. ಎರಡೂ ಒಂದೇ ಟೇಪಿನ ಮೇಲಿದ್ದವು.

ಅವಳ ಚೀಲದಲ್ಲಿ ಫೋನು ಅಲುಗಾಡಿತು. ತೆಗೆದು ಹೆಸರು ನೋಡಿದಳು. ಎತ್ತಬೇಕೋ ಬೇಡವೋ ಎಂದು ತಿಳಿಯುವಷ್ಟರಲ್ಲಿ ಬೆರಳು ಎತ್ತಿಯಾಗಿತ್ತು.

“ಹೆಸ್ಟರ್?” ಮಿಸ್ ವೆಲ್ಮಾರ ದನಿ ಶಾಂತವಾಗಿತ್ತು, ಬಹಳ ದಿನ ಅತ್ತು ಮುಗಿಸಿದವರ ದನಿಯಂತೆ. “ಲೈಲ್ ಕೊಟ್ರಾ?”

“ಕೊಟ್ರು.”

ಆ ಕಡೆ ತಟ್ಟೆಯೊಂದನ್ನು ಇನ್ನೊಂದರ ಮೇಲೆ ಇಟ್ಟ ಸದ್ದಾಯಿತು.

“ಕೊನೆವರೆಗೂ ಕೇಳಿದ್ರಿ ತಾನೇ?” ಎಂದು ಕೇಳಿದರು ವೆಲ್ಮಾ. “ಹಾಡಲ್ಲ ಕಣಮ್ಮ. ನಾನು ನಿಮ್ಮನ್ನ ಕಳಿಸಿದ್ದು ಅದು ಮುಗಿದ ಮೇಲೆ ಇರೋದಕ್ಕೆ.”